ನಂದಿ ಸೀಮೆಯಲ್ಲಿ ಎರಡು ಎಕರೆ: ಬೆಂಗಳೂರಿಗೆ ಹೋಗಿಬರುವಷ್ಟು ದೂರದಲ್ಲಿ ಜಮೀನು ಹುಡುಕುವ ಬಗೆ

ಬೆಂಗಳೂರಿನಲ್ಲಿ ಕೆಲಸ ಇಟ್ಟುಕೊಂಡೇ ಎರಡು ಎಕರೆ ಜಮೀನು ಮಾಡಿಕೊಳ್ಳಬೇಕೆನ್ನುವವರಲ್ಲಿ ಬಹಳ ಮಂದಿ ನಗರದ ಉತ್ತರಕ್ಕೆ ಮುಖ ಮಾಡುತ್ತಾರೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳಾದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಮತ್ತು ಚಿಂತಾಮಣಿ ರಾಜಧಾನಿಯಿಂದ ಸುಮಾರು 55ರಿಂದ 80 ಕಿಲೋಮೀಟರ್ ಒಳಗಿವೆ. ಕೆಂಪು ಮಣ್ಣು, ಹಿತವಾದ ಹವೆ, ಹೂವು–ಹಣ್ಣು–ತರಕಾರಿಗೆ ಹತ್ತಿರದ ಮಾರುಕಟ್ಟೆ, ಕಣ್ಣೆದುರಿಗೆ ಬೆಟ್ಟದ ಸಾಲು. ಕೊಳ್ಳುವವರಿಗೆ ಬೇಕಾದ ಆಕರ್ಷಣೆಗಳೆಲ್ಲ ಇಲ್ಲಿವೆ. ಇಲ್ಲದಿರುವುದು ನೀರು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿನ ಜಮೀನಿನ ಬೆಲೆಗೂ ಅದರಲ್ಲಿ ಬೆಳೆಯುವ ಬೆಳೆಗೂ ಇದ್ದ ಸಂಬಂಧ ಕಡಿದುಹೋಯಿತು. ರಾಷ್ಟ್ರೀಯ ಹೆದ್ದಾರಿ 44ರ ಅಂಚಿನಲ್ಲಿ ಎಕರೆಯ ಮಾತು ಕೋಟಿಗಳಲ್ಲೇ ನಡೆಯುತ್ತದೆ. ಆ ಬೆಲೆಗೆ ಕೊಂಡ ನೆಲದಲ್ಲಿ ರಾಗಿಯಲ್ಲ, ದ್ರಾಕ್ಷಿ ಬೆಳೆದರೂ ಹಾಕಿದ ಹಣದ ಬಡ್ಡಿ ಹುಟ್ಟುವುದಿಲ್ಲ. ಹಾಗೆಂದು ಅಗ್ಗದ ಜಮೀನು ಇಲ್ಲವೇ ಇಲ್ಲ ಎಂದಲ್ಲ. ಸುತ್ತಲ ದರಕ್ಕಿಂತ ಕಡಿಮೆಗೆ ಸಿಗುವ ಪ್ರತಿ ಜಮೀನಿನ ಹಿಂದೆಯೂ ಒಂದು ಕಾರಣವಿರುತ್ತದೆ. ನೀಲಗಿರಿ ಬೊಡ್ಡೆ, ಕಲ್ಲು–ಗುಂಡು, ಇಳಿಜಾರು, ಕರೆಂಟು ಬಾರದಿರುವುದು, ಟಾರು ರಸ್ತೆಯಿಂದ ದೂರ, ಇವೆಲ್ಲ ಹಣ ಮತ್ತು ತಾಳ್ಮೆಯಿಂದ ಸರಿಹೋಗುವ ಕಾರಣಗಳು. ಮಂಜೂರಾತಿಯ ಷರತ್ತು, ಅಣ್ಣತಮ್ಮಂದಿರ ದಾವೆ, ದಾರಿಯ ಹಕ್ಕೇ ಇಲ್ಲದಿರುವುದು, ಭೂಸ್ವಾಧೀನದ ಅಧಿಸೂಚನೆ ಇವು ಸರಿಹೋಗದ ಕಾರಣಗಳು. ಹುಡುಕಾಟ ಎಂದರೆ ಮುಖ್ಯವಾಗಿ ಈ ಎರಡನ್ನು ಬೇರ್ಪಡಿಸುವ ಕೆಲಸ.

ದಾರಿ ಮತ್ತು ದರ

ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆದರೆ ಸಾಲದು. ಚಿಕ್ಕಬಳ್ಳಾಪುರಕ್ಕೆ ಹೆದ್ದಾರಿ ಚೆನ್ನಾಗಿದೆ. ಸಮಯ ಹೋಗುವುದು ಹೆಬ್ಬಾಳದಲ್ಲಿ. ಯಲಹಂಕ, ಹೆಬ್ಬಾಳ, ದೇವನಹಳ್ಳಿಯ ಆಸುಪಾಸಿನಲ್ಲಿ ಮನೆಯೋ ಕಚೇರಿಯೋ ಇರುವವರಿಗೆ ಮಾತ್ರ ಈ ದಾರಿ ನಿಜವಾಗಿ ಹತ್ತಿರ. ಬನಶಂಕರಿಯಲ್ಲಿ ಮನೆ ಇರುವವರಿಗೆ ಊರು ದಾಟುವುದೇ ಅರ್ಧ ಪ್ರಯಾಣ. ವೈಟ್‌ಫೀಲ್ಡ್, ಕೆ.ಆರ್.ಪುರದ ಕಡೆಯವರಿಗೆ ಹೊಸಕೋಟೆಯ ಮೂಲಕ ಚಿಂತಾಮಣಿ ಅನುಕೂಲ. ಶಿಡ್ಲಘಟ್ಟಕ್ಕೆ ದೇವನಹಳ್ಳಿ–ವಿಜಯಪುರದ ದಾರಿ ಹಿಡಿಯಬಹುದು, ಚಿಕ್ಕಬಳ್ಳಾಪುರ ಮುಟ್ಟಿ ತಿರುಗಲೂಬಹುದು. ಇನ್ನೊಂದು ಮಾತು: ನಂದಿಬೆಟ್ಟದ ಸುತ್ತಲ ರಸ್ತೆಗಳು ಶನಿವಾರ–ಭಾನುವಾರದ ಬೆಳಗಿನ ಜಾವ ಪ್ರವಾಸಿಗರ ವಾಹನಗಳಿಂದ ಕಟ್ಟಿಕೊಳ್ಳುತ್ತವೆ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಆ ಬದಿಯಲ್ಲೂ ವಾರಾಂತ್ಯದ ಜನಸಂದಣಿ ಹೆಚ್ಚಿದೆ. ವಾರಾಂತ್ಯದಲ್ಲಿ ಮಾತ್ರ ತೋಟಕ್ಕೆ ಬರುವವರು ಜಾಗ ನೋಡುವುದಕ್ಕೂ ವಾರಾಂತ್ಯದಲ್ಲೇ ಹೋಗುವುದು ಒಳ್ಳೆಯದು.

ರೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ, ಅದು ತಪ್ಪು. ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು, ಹಿಂದೂಪುರದ ಮಾರ್ಗ ಮುಖ್ಯ ಮಾರ್ಗವಾದ್ದರಿಂದ ಗಾಡಿಗಳು ಹೆಚ್ಚು. ತೊಂಡೇಬಾವಿ ಅಥವಾ ಗೌರಿಬಿದನೂರು ನಿಲ್ದಾಣದಿಂದ ಐದಾರು ಕಿಲೋಮೀಟರ್ ಒಳಗಿನ ಜಮೀನು, ನಕ್ಷೆಯಲ್ಲಿ ದೂರ ಕಂಡರೂ, ದಿನನಿತ್ಯ ಓಡಾಡುವವರಿಗೆ ಹೆದ್ದಾರಿ ಬದಿಯ ಜಮೀನಿಗಿಂತ ಹತ್ತಿರವಾಗುವುದುಂಟು. ಇನ್ನೊಂದು ಮಾರ್ಗ ದೇವನಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಮೂಲಕ ಚಿಕ್ಕಬಳ್ಳಾಪುರಕ್ಕೆ ಬಂದು, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಹೋಗುತ್ತದೆ. ಹಳೆಯ ನ್ಯಾರೋಗೇಜ್ ಹಳಿ ಕಿತ್ತು 2013ರ ಹೊತ್ತಿಗೆ ಕೋಲಾರದವರೆಗೂ ಬ್ರಾಡ್‌ಗೇಜ್ ಆಯಿತಾದರೂ ಅದರಲ್ಲಿ ಓಡುವ ಗಾಡಿಗಳು ಬೆರಳೆಣಿಕೆಯವು. ಇಂದಿನ ವೇಳಾಪಟ್ಟಿ ನೋಡಿ ಕೊಳ್ಳಬೇಕೇ ಹೊರತು ನಾಳೆ ಬರಲಿರುವ ಸಬರ್ಬನ್ ರೈಲನ್ನು ನಂಬಿ ಅಲ್ಲ. ದಲ್ಲಾಳಿಗಳ ಬಾಯಲ್ಲಿ ಮೆಟ್ರೊ ಈಗಾಗಲೇ ಚಿಕ್ಕಬಳ್ಳಾಪುರ ದಾಟಿದೆ.

ದರ ಇಳಿಯುವುದು ಮೂರು ಕಡೆ. ಹೆದ್ದಾರಿಯಿಂದ ಅಡ್ಡಡ್ಡ ಸರಿದಷ್ಟೂ ಇಳಿಯುತ್ತದೆ. ತಾಲ್ಲೂಕು ಕೇಂದ್ರ ದಾಟಿ ಆಚೆಗೆ ಹೋದಷ್ಟೂ ಇಳಿಯುತ್ತದೆ. ಬೆಟ್ಟ ಕಾಣದ ಕಡೆಯೂ ಇಳಿಯುತ್ತದೆ; ಬೆಟ್ಟದ ನೋಟಕ್ಕೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಕೃಷಿ ಹೊಂಡ, ಬೇಲಿ ಎರಡೂ ಮುಗಿಯುತ್ತವೆ. ಹೀಗಾಗಿ ನಂದಿ ಹೋಬಳಿಗಿಂತ ಮಂಡಿಕಲ್ಲು ಹೋಬಳಿ, ಜಂಗಮಕೋಟೆಗಿಂತ ಸಾದಲಿ, ಕೈವಾರಕ್ಕಿಂತ ಚಿಲಕಲನೇರ್ಪು, ತೊಂಡೇಬಾವಿಗಿಂತ ನಗರಗೆರೆ ಕಡೆ ಹುಡುಕಿದರೆ ಸಣ್ಣ ಹಣದವರಿಗೆ ಮಾತಾಡುವಷ್ಟಾದರೂ ಜಾಗವಿರುತ್ತದೆ. ಹಾಗೆ ಸರಿದಷ್ಟೂ ಪ್ರಯಾಣ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಉದ್ದವಾಗುತ್ತದೆ. ವಾರಕ್ಕೆ ಎರಡು ದಿನ ಹೋಗುವವರಿಗೆ ಅದು ಹೊರೆಯಲ್ಲ. ದಿನಾ ಹೋಗುವವರು ಜಮೀನಿನ ಅಳತೆಯನ್ನೇ ಕಡಿಮೆ ಮಾಡಿಕೊಂಡು ಹತ್ತಿರ ಉಳಿಯುವುದು ಮೇಲು.

ಬೆಲೆ ವಿಚಾರಿಸುವಾಗ ದಲ್ಲಾಳಿ ಹೇಳುವ ದರ, ಸರ್ಕಾರದ ಮಾರ್ಗಸೂಚಿ ದರ, ನಿಜವಾಗಿ ಕೈಬದಲಾದ ದರ ಮೂರೂ ಬೇರೆಬೇರೆ. ಊರಿನ ಹಾಲಿನ ಡೈರಿಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಮೂರನೆಯದು ತಿಳಿಯುತ್ತದೆ. ಜಮೀನಿನ ಬೆಲೆಯ ಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.65ರಷ್ಟು ಬೀಳುತ್ತದೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿರುವುದರಿಂದ ಒಟ್ಟು ಶೇ ಏಳೂವರೆ ದಾಟುತ್ತದೆ. ಇದರ ಮೇಲೆ ಸರ್ವೆ, ವಕೀಲರು, ಬೇಲಿ, ನೀರು. ಕೈಯಲ್ಲಿರುವ ಹಣದ ಮೂರನೇ ಎರಡು ಭಾಗಕ್ಕಿಂತ ಹೆಚ್ಚನ್ನು ನೆಲದ ಬೆಲೆಗೇ ಸುರಿದವರು ಬೇಲಿ ಹಾಕುವ ಹೊತ್ತಿಗೆ ಸಾಲ ಹುಡುಕಬೇಕಾಗುತ್ತದೆ.

ನೀರು

ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ನದಿಗಳು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತವೆ ಎಂಬುದು ಶಾಲೆಯ ಪಾಠ. ಹುಟ್ಟಿದ ಸೀಮೆಯಲ್ಲೇ ಅವು ವರ್ಷದ ಬಹುಕಾಲ ಮರಳು. ವಾರ್ಷಿಕ ಮಳೆ ಸರಾಸರಿ 700 ಮಿಲಿಮೀಟರ್ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಇವೆ. ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಸುದ್ದಿಯೇ ಅಲ್ಲ, ಸಾವಿರದೈನೂರಕ್ಕೆ ಹೋದವರೂ ಇದ್ದಾರೆ. ಅಷ್ಟು ಆಳದ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯ. ಕುಡಿಯುವುದಕ್ಕೆ ಬಳಸುವ ಮುನ್ನ ಪರೀಕ್ಷೆ ಮಾಡಿಸಲೇಬೇಕು.

ಬೋರ್ ಇರುವ ಜಮೀನು ಎಂದಾಕ್ಷಣ ಎಕರೆಗೆ ಕೆಲವು ಲಕ್ಷ ಏರುತ್ತದೆ. ಆ ಏರಿಕೆಗೆ ತಕ್ಕ ನೀರಿದೆಯೇ ಎಂದು ನೋಡಲು ಏಪ್ರಿಲ್–ಮೇ ತಿಂಗಳೇ ಸರಿಯಾದ ಕಾಲ. ನವೆಂಬರಿನಲ್ಲಿ ಯಾರ ಬೋರ್ ಆದರೂ ಚೆನ್ನಾಗಿಯೇ ಹೊಡೆಯುತ್ತದೆ. ಮೋಟಾರ್ ಹಾಕಿಸಿ ಹತ್ತು ನಿಮಿಷ ನೋಡಿ ಬರುವುದು ಪರೀಕ್ಷೆಯಲ್ಲ. ತ್ರಿಫೇಸ್ ಕರೆಂಟು ಇರುವಷ್ಟು ಹೊತ್ತೂ ಓಡಿಸಬೇಕು. ಮೊದಲ ಅರ್ಧ ಗಂಟೆ ಪೈಪಿನ ತುಂಬ ಬರುವ ನೀರು, ಕೊಳವೆಯಲ್ಲಿ ನಿಂತಿದ್ದ ದಾಸ್ತಾನು ಖಾಲಿಯಾದ ಮೇಲೆ ಸೊರಗುತ್ತದೆ. ಪೈಪು ಕೆಮ್ಮಿದಂತೆ ಗಾಳಿ ಹೊಡೆಯುತ್ತದೆ, ನೀರು ಕೆಂಪಗೆ ತಿರುಗುತ್ತದೆ, ಮತ್ತೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಮೂರು ಗಂಟೆಯ ನಂತರ ಒಂದೇ ಸಮನೆ ಎಷ್ಟು ಬರುತ್ತದೋ ಅಷ್ಟೇ ಆ ಬೋರಿನ ನೀರು. ಅದನ್ನು ಇಂಚಿನ ಲೆಕ್ಕದಲ್ಲಿ ಕೇಳಿ ತಲೆಯಾಡಿಸುವ ಬದಲು 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿದರೆ ವಾದಕ್ಕೆ ಎಡೆಯಿಲ್ಲ. ಜಮೀನಿನೊಳಗೆ ಮತ್ತು ಬದುವಿನಾಚೆ ಕಲ್ಲು ಮುಚ್ಚಿದ ಹಳೆಯ ಕೇಸಿಂಗ್ ಪೈಪುಗಳು ಎಷ್ಟಿವೆ ಎಂದು ಎಣಿಸುವುದೂ ಒಳ್ಳೆಯ ಪರೀಕ್ಷೆ. ಬತ್ತಿದ ಬೋರಿನ ವಿಷಯವನ್ನು ಮಾರುವವರು ತಾವಾಗಿ ಹೇಳುವುದಿಲ್ಲ, ಪೈಪು ಹೇಳುತ್ತದೆ.

ಹೊಸ ಬೋರ್ ಕೊರೆಸುತ್ತೇನೆ ಎನ್ನುವ ಧೈರ್ಯದ ಮೇಲೆ ಒಣ ಜಮೀನು ಕೊಳ್ಳುವವರು 2011ರ ಅಂತರ್ಜಲ ಕಾಯ್ದೆಯನ್ನು ಮರೆಯಬಾರದು. ಅಧಿಸೂಚಿತ ಪ್ರದೇಶದಲ್ಲಿ ಕೊರೆಯುವ ಮುನ್ನ ಅನುಮತಿ ಬೇಕು. ನೀರು ಬಿದ್ದ ಮೇಲೆ ಬೆಸ್ಕಾಂನಿಂದ ಪಂಪ್‌ಸೆಟ್ ಸಂಪರ್ಕ ಪಡೆಯುವುದು ಇನ್ನೊಂದು ಕಾಯುವಿಕೆ; ಟ್ರಾನ್ಸ್‌ಫಾರ್ಮರಿನಿಂದ ದೂರವಿದ್ದರೆ ಸೌರ ಪಂಪಿನ ದಾರಿಯೇ ಬೇಗ. 10 ಎಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಆದರೆ ಅದೇ ತಂತಿಯಿಂದ ತೋಟದ ಮನೆಗೆ ದೀಪ ಹಾಕಿಕೊಳ್ಳುವಂತಿಲ್ಲ.

ಕೆರೆಯ ಹತ್ತಿರದ ಜಮೀನಿಗೆ ಈಚೆಗೆ ಹೊಸ ಬೆಲೆ ಬಂದಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ನೀರು ತುಂಬಿದ ಕೆರೆಗಳ ಕೆಳಗೆ ಬತ್ತಿದ ಬೋರುಗಳು ಜೀವ ಪಡೆದಿವೆ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ, ಕೇಳುವುದು ನ್ಯಾಯವೇ. ಅಂಥ ಕೆರೆಯ ಕೆಳಗೆ ಕೊಳ್ಳುವವರು ನೀರಿನ ಪ್ರಮಾಣದ ಜೊತೆಗೆ ಗುಣದ ಪರೀಕ್ಷೆಯನ್ನೂ ಮಾಡಿಸಲಿ. ಎತ್ತಿನಹೊಳೆಯ ಮಾತು ಬೇರೆ. 2014ರಲ್ಲಿ ಈ ಜಿಲ್ಲೆಯಲ್ಲೇ ಅಡಿಗಲ್ಲು ಬಿದ್ದ ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ಬರಲಿರುವ ಆ ನೀರಿಗೆ ಇಂದೇ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ನೀರಿಲ್ಲದ ಜಮೀನನ್ನು ನೀರಿಲ್ಲದ ಬೆಲೆಗೇ ಕೊಂಡು, ಮಳೆಯನ್ನು ಹಿಡಿಯುವುದು ಸಣ್ಣ ಹಿಡುವಳಿಗೆ ಹೆಚ್ಚು ಒಗ್ಗುವ ದಾರಿ. ಲೆಕ್ಕ ಸರಳ. ಒಂದು ಎಕರೆ ಅಂದರೆ 40 ಗುಂಟೆ, ಸುಮಾರು 4,047 ಚದರ ಮೀಟರ್. 700 ಮಿ.ಮೀ. ಮಳೆಯೆಂದರೆ ಎಕರೆಗೆ 28 ಲಕ್ಷ ಲೀಟರು. ಅದರಲ್ಲಿ ಹತ್ತರಲ್ಲೊಂದು ಪಾಲು ಹರಿದು ಬಂದರೂ ಎಕರೆಗೆ ಎರಡೂವರೆ ಲಕ್ಷ ಲೀಟರಿಗೆ ಕಡಿಮೆಯಿಲ್ಲ. ಮೇಲ್ಬಾಯಿ 12 ಮೀಟರ್ ಉದ್ದ–ಅಗಲ, ತಳ 6 ಮೀಟರ್ ಉದ್ದ–ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಹಿಡಿಯುವುದು ಸರಿಯಾಗಿ ಅಷ್ಟೇ, 2.52 ಲಕ್ಷ ಲೀಟರು. ಜಮೀನಿನ ಇಳಿಜಾರಿನ ಕೆಳತುದಿಯಲ್ಲಿ ತೆಗೆದು, ತಳಕ್ಕೆ ಹಾಳೆ ಹಾಸಿ, ಸುತ್ತ ಬೇಲಿ ಕಟ್ಟಿದರೆ ಎಳೆಯ ಮಾವಿನ ಗಿಡಗಳನ್ನು ಬೇಸಿಗೆ ದಾಟಿಸಬಹುದು. ಬೇಲಿ ಇಲ್ಲದ ಹೊಂಡ ಮಕ್ಕಳಿಗೂ ದನಕರುಗಳಿಗೂ ಅಪಾಯ.

ಕಾಗದ

ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಸಂಬಳದ ಮಿತಿ, ರೈತ ಕುಟುಂಬದ ಪುರಾವೆ ಈಗ ಬೇಡ. ತಿದ್ದುಪಡಿಯನ್ನು ಹಿಂಪಡೆಯಬೇಕೆಂಬ ಕೂಗು ಆಗಾಗ ಏಳುವುದರಿಂದ ಮುಂಗಡ ಕೊಡುವ ದಿನದ ಕಾನೂನು ಏನೆಂದು ವಕೀಲರನ್ನು ಕೇಳಿಕೊಳ್ಳಬೇಕು. ವಿದೇಶದಲ್ಲಿ ನೆಲೆಸಿದ ಅನಿವಾಸಿ ಭಾರತೀಯರಿಗೆ ಮಾತ್ರ ಈ ಬಾಗಿಲು ತೆರೆದಿಲ್ಲ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅವರು ಕೃಷಿ ಜಮೀನನ್ನಾಗಲಿ ತೋಟದ ಮನೆಯನ್ನಾಗಲಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು.

ಮೊದಲು ಓದಬೇಕಾದ್ದು ಪಹಣಿ. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಬಹುತೇಕರು 9ನೇ ಕಲಮಿನಲ್ಲಿ ಮಾರುವವರ ಹೆಸರು ಕಂಡು ಸಮಾಧಾನಪಡುತ್ತಾರೆ. ಅಪಾಯ ಇರುವುದು ಅದರ ಆಚೀಚೆ. 3ನೇ ಕಲಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ಎ ಮತ್ತು ಬಿ ಎಂದಿರುತ್ತದೆ. ಎ ಖರಾಬು ಬಂಡೆ, ಕಲ್ಲುದಿಣ್ಣೆ ಮುಂತಾದ ಸಾಗುವಳಿಗೆ ಬಾರದ ಭಾಗ. ಬಿ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ, ಆದರೂ ಬೇಲಿಯೊಳಗೆ ಸೇರಿಸಿ ಎಕರೆ ಲೆಕ್ಕದಲ್ಲಿ ಮಾರುವುದು ನಡೆದೇ ಇದೆ. 11ನೇ ಕಲಮಿನಲ್ಲಿ ಸಾಲ, ತಡೆಯಾಜ್ಞೆ, ಭೂಸ್ವಾಧೀನದ ನಮೂದುಗಳು ಇರುತ್ತವೆ. ಸರ್ವೆ ನಂಬರಿನ ಮುಂದೆ ‘ಪೈಕಿ’ ಎಂದೋ ‘ಪಿ’ ಎಂಬ ಅಕ್ಷರವೋ ಇದ್ದರೆ ಆ ಜಮೀನಿಗೆ ಪೋಡಿಯಾಗಿಲ್ಲ, ಅಂದರೆ ದೊಡ್ಡ ಸರ್ವೆ ನಂಬರಿನಲ್ಲಿ ಇವರ ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಸರ್ಕಾರದ ನಕ್ಷೆಯಲ್ಲಿ ಇಲ್ಲ.

ಪೈಕಿ ಜಮೀನು ಬಹುಪಾಲು ಮಂಜೂರಾದ ಜಮೀನು, ಈ ಸೀಮೆಯಲ್ಲಿ ಜನ ದರಖಾಸ್ತು ಎನ್ನುವುದು ಇದನ್ನೇ. ಅಗ್ಗಕ್ಕೆ ಬರುವ ಜಮೀನುಗಳಲ್ಲಿ ಇದರ ಪಾಲು ದೊಡ್ಡದು, ಮುಳುಗಿದವರ ಸಂಖ್ಯೆಯೂ ಇಲ್ಲೇ ದೊಡ್ಡದು. ಸಾಗುವಳಿ ಚೀಟಿಯಲ್ಲಿ ಇಷ್ಟು ವರ್ಷ ಪರಭಾರೆ ಮಾಡುವಂತಿಲ್ಲ ಎಂಬ ಷರತ್ತು ಇರುತ್ತದೆ. ಮೂಲ ಚೀಟಿಯನ್ನೇ ತೆಗೆಸಿ ಓದಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಊರ್ಜಿತವಲ್ಲ, ನಡುವೆ ನಾಲ್ಕು ಕೈ ಬದಲಾಗಿದ್ದರೂ ಅಲ್ಲ. ಬಹಳ ವರ್ಷ ಕಳೆದಿದೆ ಎಂಬ ವಾದಕ್ಕೆ ಇದ್ದ ಬಲವನ್ನೂ 2023ರ ತಿದ್ದುಪಡಿ ತೆಗೆದಿದೆ. ಬಡವರ ಕೈಗೆ ಬಂದ ನೆಲ ಕೈತಪ್ಪದಿರಲಿ ಎಂದು ಮಾಡಿದ ಕಾಯ್ದೆಯಿದು. ಅದನ್ನು ತಪ್ಪಿಸುವ ಉಪಾಯ ಹೇಳುವ ದಲ್ಲಾಳಿ ಸಿಕ್ಕರೆ ಅಲ್ಲಿಂದ ಎದ್ದು ಬರುವುದೇ ಸರಿ. ಗೋಮಾಳ, ಗುಂಡುತೋಪು, ಕೆರೆಯಂಗಳ ಒತ್ತುವರಿಯ ಮಾತು ಇದಕ್ಕಿಂತ ಬೇರೆಯಲ್ಲ.

ಎರಡನೆಯ ಮುಳ್ಳು ಕುಟುಂಬದ ಪಾಲು. ಪಹಣಿಯಲ್ಲಿ ಒಬ್ಬರ ಹೆಸರಿದ್ದ ಮಾತ್ರಕ್ಕೆ ಅವರೊಬ್ಬರೇ ಒಡೆಯರಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕಿದೆ; ತಂದೆ 2005ರಲ್ಲಿ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ವಿಭಾಗವಾಗಿದ್ದರೆ ಮಾತು ಬೇರೆ. ಆದ್ದರಿಂದ ವಂಶವೃಕ್ಷ ತರಿಸಿ, ಮದುವೆಯಾಗಿ ಹೊಸೂರಿನಲ್ಲೋ ಹಿಂದೂಪುರದಲ್ಲೋ ಇರುವ ಅಕ್ಕತಂಗಿಯರ ಸಹಿಯನ್ನೂ ಕ್ರಯಪತ್ರಕ್ಕೆ ಹಾಕಿಸಬೇಕು. ‘ಅವರಿಗೆ ಅರಿಶಿನ–ಕುಂಕುಮಕ್ಕೆ ಕೊಟ್ಟಾಗಿದೆ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹತ್ತು ವರ್ಷದ ನಂತರ ಬರುವ ವಿಭಾಗದ ದಾವೆಗಳು ಹುಟ್ಟುವುದು ಇದೊಂದು ಸಹಿ ತಪ್ಪಿದ್ದರಿಂದ.

ಇವುಗಳ ಜೊತೆಗೆ ಮ್ಯುಟೇಶನ್ ಪ್ರತಿಗಳು, ಹಳೆಯ ಕೈಬರಹದ ಪಹಣಿಗಳು, ಮೂಲ ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕ್ಷೆ ಮತ್ತು ಋಣಭಾರ ಪತ್ರ ಬೇಕು. ಋಣಭಾರ ಪತ್ರ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. 2004ಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಇಲ್ಲದೆ ನೋಂದಣಿಯಾಗದು. ಪೂರ್ತಿ ನಂಬರ್ ಕೊಂಡರೂ ಮುಂಗಡ ಕೊಡುವ ಮುನ್ನ ಹದ್ದುಬಸ್ತು ಅಳತೆ ಮಾಡಿಸಿ, ಅಕ್ಕಪಕ್ಕದವರ ಎದುರಿಗೇ ಕಲ್ಲು ನೆಡಿಸುವುದು ಕ್ಷೇಮ. ದಿಶಾಂಕ್ ಆ್ಯಪ್ ಜಮೀನಿನ ಮೇಲೆ ನಿಂತು ಸರ್ವೆ ನಂಬರ್ ಗುರುತಿಸಲು ಚೆನ್ನಾಗಿ ನೆರವಾಗುತ್ತದೆ, ತೋರಿಸುವುದು ಒಂದು ಮಾರುವುದು ಇನ್ನೊಂದು ಎಂಬ ಹಳೆಯ ಮೋಸವನ್ನು ಅಲ್ಲೇ ಹಿಡಿಯಬಹುದು. ಗಡಿಕಲ್ಲಿನ ಲೆಕ್ಕಕ್ಕೆ ಮಾತ್ರ ಅದನ್ನು ನಂಬುವಂತಿಲ್ಲ.

ದಾರಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕಾದ್ದು. ಇವತ್ತು ಕಾರು ಜಮೀನಿನವರೆಗೆ ಹೋಯಿತು ಎಂದರೆ ದಾರಿ ಇದೆ ಎಂದಲ್ಲ. ಅದು ಗ್ರಾಮ ನಕ್ಷೆಯಲ್ಲಿರುವ ಬಂಡಿದಾರಿಯೇ, ಪಕ್ಕದ ಹೊಲದವರು ಸೌಜನ್ಯಕ್ಕೆ ಬಿಟ್ಟ ಜಾಡೇ ನೋಡಬೇಕು. ಊರಿನವರು ಮಾರಿ ಹೊರಗಿನವರು ಬಂದ ದಿನ ಆ ಸೌಜನ್ಯ ಮುಗಿಯುವುದುಂಟು. ನಕ್ಷೆಯಲ್ಲಿ ಇಲ್ಲದಿದ್ದರೆ ಪಕ್ಕದವರಿಂದ ದಾರಿಯ ಹಕ್ಕನ್ನು ನೋಂದಾಯಿಸಿಕೊಂಡ ಮೇಲೆಯೇ ಮುಂದಿನ ಮಾತು.

ಭೂಸ್ವಾಧೀನದ ಭಯ ಈ ಸೀಮೆಯಲ್ಲಿ ಕಲ್ಪನೆಯಲ್ಲ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲೂ ಕೈಗಾರಿಕಾ ಪ್ರದೇಶಕ್ಕಾಗಿ ಜಮೀನು ಗುರುತಿಸಿ ಪರ–ವಿರೋಧದ ಪ್ರತಿಭಟನೆಗಳು ನಡೆದಿವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ. ಮೊದಲನೆಯದು ಹೊರಟ ಹಳ್ಳಿಗಳಲ್ಲಿ ಬೆಲೆ ಒಮ್ಮೆಗೆ ಕುಸಿಯುವುದೂ ಉಂಟು, ಪರಿಹಾರದ ಆಸೆಗೆ ಏರುವುದೂ ಉಂಟು. ಎರಡು ಎಕರೆಯ ಕೃಷಿಕರಿಗೆ ಎರಡೂ ಕೆಲಸಕ್ಕೆ ಬಾರವು. ಕಲ್ಲು ಕ್ವಾರಿ, ಕ್ರಷರ್‌ಗಳ ನೆರೆಯೂ ಅಷ್ಟೇ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಸಿಡಿತವಿಲ್ಲದ ದಿನಗಳಲ್ಲೂ ಸೊಪ್ಪಿನ ಮೇಲೆ ಕೂರುವ ದೂಳು ಇದ್ದೇ ಇರುತ್ತದೆ.

ಗುಂಟೆ ಲೆಕ್ಕದ ತೋಟಗಳು

ಹತ್ತು–ಹದಿನೈದು ಎಕರೆಯನ್ನು ಕೊಂಡು, ಕಾಲು ಎಕರೆಯಂತೆ ತುಂಡು ಮಾಡಿ, ಮಧ್ಯೆ ಜಲ್ಲಿ ರಸ್ತೆ ಹಾಕಿ, ಶ್ರೀಗಂಧವೋ ಮಾವೋ ನೆಟ್ಟು, ನಿರ್ವಹಣೆಯೂ ನಮ್ಮದೇ ಎಂದು ಮಾರುವ ವ್ಯಾಪಾರ ನಂದಿಬೆಟ್ಟದ ಸುತ್ತ ಜೋರಾಗಿದೆ. ಮ್ಯಾನೇಜ್ಡ್ ಫಾರ್ಮ್ ಎಂಬ ಹೆಸರಿನ ಈ ತುಂಡುಗಳು ಕೈಗೆಟಕುವಂತೆ ಕಾಣುವುದು ಒಟ್ಟು ಮೊತ್ತ ಚಿಕ್ಕದಾಗಿರುವುದರಿಂದ. ಗುಂಟೆಗೆ ಹೇಳಿದ ದರವನ್ನು 40ರಿಂದ ಗುಣಿಸಿ ಅದೇ ಊರಿನ ಎಕರೆ ದರದ ಪಕ್ಕ ಇಟ್ಟರೆ ನಿಜವಾದ ಬೆಲೆ ತಿಳಿಯುತ್ತದೆ. ಹಲವರ ಹೆಸರು ಒಂದೇ ಜಂಟಿ ಪಹಣಿಯಲ್ಲಿ ಉಳಿದರೆ ಮುಂದೆ ಮಾರಲು, ಸಾಲ ತೆಗೆಯಲು ಎಲ್ಲದಕ್ಕೂ ಇತರರ ಕೈ ಕಾಯಬೇಕು. ಒಳರಸ್ತೆ, ಬೋರು, ಕ್ಲಬ್‌ಹೌಸ್ ಯಾರ ಹೆಸರಿನಲ್ಲಿವೆ ಎಂಬುದೂ ಕೇಳಬೇಕಾದ ಪ್ರಶ್ನೆ. ಕೃಷಿ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ ಮನೆ ಕಟ್ಟಬಹುದೆಂಬ ಭರವಸೆಯನ್ನು ಹಾಗೆಯೇ ನುಂಗಬಾರದು. ಭೂಕಂದಾಯ ಕಾಯ್ದೆಯ 95ನೇ ಕಲಂ ಕೃಷಿಗೆ ಬೇಕಾದ ತೋಟದ ಮನೆಗೆ ಅವಕಾಶ ಕೊಡುತ್ತದೆ, ಅದೂ ಹಿಡುವಳಿಯ ಶೇ 10ರ ಮಿತಿಯಲ್ಲಿ. ಹತ್ತು ಗುಂಟೆಯ ಹತ್ತನೇ ಒಂದು ಭಾಗವೆಂದರೆ ಒಂದೇ ಗುಂಟೆ, 1,089 ಚದರ ಅಡಿ. ಬಾಡಿಗೆಗೆ ಕೊಡುವ ವಿಲ್ಲಾ ಈ ವಿನಾಯಿತಿಯೊಳಗೆ ಬರುವುದಿಲ್ಲ. ಇದಕ್ಕಿಂತ ಇಬ್ಬರು ಮೂವರು ಗೆಳೆಯರು ಕೂಡಿ ನಾಲ್ಕೈದು ಎಕರೆ ಕೊಂಡು, ಮೊದಲೇ 11ಇ ಮಾಡಿಸಿ ಬೇರೆಬೇರೆ ನೋಂದಾಯಿಸಿಕೊಳ್ಳುವುದು ಎಷ್ಟೋ ಮೇಲು.

ಬೆಳೆ ನೋಡಿ ನೆಲ

ವಾರಕ್ಕೆ ಎಷ್ಟು ದಿನ ಬರಲು ಸಾಧ್ಯ ಎಂಬುದು ಯಾವ ಜಮೀನು ಬೇಕೆಂಬುದನ್ನೂ ಹೇಳುತ್ತದೆ. ಈ ಸೀಮೆಯ ಹೆಸರುವಾಸಿ ಬೆಳೆಗಳು ಯಾವುವೂ ವಾರಾಂತ್ಯದವರಿಗೆ ಒಗ್ಗುವಂಥವಲ್ಲ. ಭೌಗೋಳಿಕ ಸೂಚಿ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಗೆ ಚಪ್ಪರ, ಸವರುವಿಕೆ, ಬೆನ್ನುಬೆನ್ನಿಗೆ ಔಷಧಿ. ಒಂದು ಆಲಿಕಲ್ಲು ಮಳೆಗೆ ಎಲ್ಲ ಹೋಗಬಹುದು. ರಾಮನಗರದ ನಂತರದ ದೊಡ್ಡ ಗೂಡು ಮಾರುಕಟ್ಟೆ ಶಿಡ್ಲಘಟ್ಟದಲ್ಲಿ ಇರುವುದರಿಂದ ರೇಷ್ಮೆಯ ಆಸೆ ಸಹಜ, ಆದರೆ ಹುಳು ಭಾನುವಾರಕ್ಕೆ ಕಾಯುವುದಿಲ್ಲ, ದಿನಕ್ಕೆ ಎರಡು ಮೂರು ಸಲ ಸೊಪ್ಪು ಬೇಕು. ಟೊಮೆಟೊ, ಸೇವಂತಿಗೆ, ಗುಲಾಬಿಯ ಕಥೆಯೂ ಅಷ್ಟೇ. ಮಾವು, ಹುಣಸೆ, ನೇರಳೆ, ಸೀತಾಫಲದಂಥ ಮರಗಳು, ನಡುವೆ ಸಾಲಿನಲ್ಲಿ ರಾಗಿ–ಅವರೆ–ಹುರುಳಿ. ಕಡಿಮೆ ನೀರು, ಕಡಿಮೆ ಓಡಾಟಕ್ಕೆ ಇದೇ ಸರಿ. ಚಿಂತಾಮಣಿ ಕಡೆ ಮಾವು ಒಗ್ಗಿಬಂದ ಬೆಳೆ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣಿನ ಮಾದರಿ ತೆಗೆದುಕೊಂಡು ಹೋದರೆ ತಳಿ, ಅಂತರದ ಸಲಹೆಯೂ ಸಿಗುತ್ತದೆ.

ನೆರೆಹೊರೆಯ ಬೆಳೆಯೂ ಲೆಕ್ಕಕ್ಕೆ ಬರುತ್ತದೆ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಮಾವಿಗೆ ಹೊಡೆದ ಔಷಧಿಯ ಹನಿ ಗಾಳಿಯಲ್ಲಿ ಹೋಗಿ ಸೊಪ್ಪಿನ ಮೇಲೆ ಕೂತು ಒಂದು ಮನೆಯ ಹುಳುವನ್ನೆಲ್ಲ ಕೊಂದೀತು. ಶಿಡ್ಲಘಟ್ಟದ ಕಡೆ ಊರವರೊಂದಿಗೆ ಮನಸ್ತಾಪ ಬರಲು ಇಷ್ಟು ಸಾಕು.

ನೀಲಗಿರಿ ಇರುವ ಜಮೀನು ಈ ಸೀಮೆಯಲ್ಲಿ ಇನ್ನೂ ಧಾರಾಳವಾಗಿದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಹಳೆಯ ತೋಪುಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ನೋಡಲು ಚಂದವಿಲ್ಲ, ಆದ್ದರಿಂದ ಗಿರಾಕಿ ಕಡಿಮೆ, ಬೆಲೆಯೂ ಕಡಿಮೆ. ಕಡಿದ ಮರ ಬೊಡ್ಡೆಯಿಂದ ಮತ್ತೆ ಚಿಗುರುವುದರಿಂದ ಜೆಸಿಬಿ ತಂದು ಬೇರುಸಹಿತ ಎತ್ತಿಸಬೇಕು. ಆ ಖರ್ಚನ್ನು ಎಕರೆ ಲೆಕ್ಕದಲ್ಲಿ ಮೊದಲೇ ಕೇಳಿ ಬೆಲೆಯಿಂದ ಕಳೆಯಬೇಕು. ಗುಂಡಿ ಮುಚ್ಚಿ, ಉತ್ತು, ಎರಡು ಮಳೆಗಾಲ ಹುರುಳಿ ಚೆಲ್ಲಿ ಮಣ್ಣಿಗೆ ಮಗುಚಿದರೆ ನೆಲ ತಿರುಗುತ್ತದೆ. ಪಹಣಿ ಶುದ್ಧವಾಗಿದ್ದು, ದಾರಿ ನಕ್ಷೆಯಲ್ಲಿದ್ದು, ದೋಷ ನೀಲಗಿರಿಯೊಂದೇ ಆಗಿದ್ದರೆ ಸಣ್ಣ ಹಣದವರಿಗೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಪಾರ ಸಿಗುವುದು ಕಷ್ಟ.

ನೋಂದಣಿಯ ಆಚೆ

ಮುಂಗಡವನ್ನು ಕ್ರಯ ಕರಾರು ಬರೆಸದೆ ಕೊಡಬಾರದು. ಕರಾರಿನಲ್ಲಿ ಯಾವ ಯಾವ ದಾಖಲೆ ಎಷ್ಟು ದಿನದೊಳಗೆ ಒದಗಿಸಬೇಕು, ಒದಗದಿದ್ದರೆ ಹಣ ವಾಪಸು ಎಂಬುದು ಸ್ಪಷ್ಟವಾಗಿರಲಿ. ಜಿಪಿಎ (ಅಧಿಕಾರ ಪತ್ರ) ಹಿಡಿದುಕೊಂಡು ಬರುವವರಿಂದ ಕೊಳ್ಳುವ ಬದಲು ಮೂಲ ಒಡೆಯರನ್ನೇ ಉಪನೋಂದಣಿ ಕಚೇರಿಗೆ ಕರೆಸುವುದು ಸುರಕ್ಷಿತ. ಹಣ ಬ್ಯಾಂಕಿನ ಮೂಲಕ ಹೋಗಲಿ.

ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಪಹಣಿ ಬದಲಾಗಿಬಿಡುವುದಿಲ್ಲ. ಮ್ಯುಟೇಶನ್ ಪ್ರಕ್ರಿಯೆ ಶುರುವಾಗಿ, ಆಕ್ಷೇಪಣೆಯ ಅವಧಿ ಕಳೆದು, 9ನೇ ಕಲಮಿನಲ್ಲಿ ಹೊಸ ಹೆಸರು ಬರುವವರೆಗೆ ತಿಂಗಳಿಗೊಮ್ಮೆ ಪಹಣಿ ತೆಗೆದು ನೋಡಬೇಕು. ಯಾರಾದರೂ ತಕರಾರು ಹಾಕಿದರೆ ವಿಷಯ ತಹಶೀಲ್ದಾರರ ಮುಂದೆ ಹೋಗುತ್ತದೆ. ಬೋರ್ ಇದ್ದರೆ ಅದರ ಆರ್.ಆರ್. ನಂಬರನ್ನು ಬೆಸ್ಕಾಂನಲ್ಲಿ ಹೆಸರಿಗೆ ಮಾಡಿಸಿಕೊಳ್ಳಬೇಕು. ಸರ್ಕಾರದ ಹನಿ ನೀರಾವರಿ, ಕೃಷಿ ಹೊಂಡದ ಸಹಾಯಧನಕ್ಕೆ ಫ್ರೂಟ್ಸ್ ನೋಂದಣಿ ಸಂಖ್ಯೆ ಬೇಕು, ಅದು ರೈತ ಸಂಪರ್ಕ ಕೇಂದ್ರದಲ್ಲಿ ಆಗುತ್ತದೆ.

ಜಮೀನನ್ನು ಊರಿನವರಿಗೆ ಪಾಲಿಗೋ ಗುತ್ತಿಗೆಗೋ ಬಾಯಿಮಾತಿನಲ್ಲಿ ಕೊಡುವ ಪದ್ಧತಿ ಎಲ್ಲ ಕಡೆ ಇದೆ. ಭೂಸುಧಾರಣಾ ಕಾಯ್ದೆ ಗೇಣಿಯನ್ನು ನಿಷೇಧಿಸಿರುವುದರಿಂದ ಅದಕ್ಕೆ ಕಾನೂನಿನ ಆಸರೆ ಇಲ್ಲ. ದಿನಗೂಲಿಗೋ ತಿಂಗಳ ಸಂಬಳಕ್ಕೋ ನೋಡಿಕೊಳ್ಳುವವರನ್ನು ನೇಮಿಸಿ, ಮುಂಗಾರಿನ ಬೆಳೆ ಸಮೀಕ್ಷೆಯ ಹೊತ್ತಿಗೆ 12ನೇ ಕಲಮಿನಲ್ಲಿ ಸಾಗುವಳಿದಾರರ ಹೆಸರು, ಬೆಳೆ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಂಡರೆ ಸಾಕು.